ಲಿನಕ್ಸ್ ಸರ್ವರ್‌ನಲ್ಲಿ ಜಾಲಾಧಾರಿತ ಕೋಡ್ ಎಡಿಟರ್: ಗಡಿಗನ್ನಡದ ಪದಸಂಗ್ರಹಕ್ಕೊಂದು ಸಾಧನ

ಪೀಠಿಕೆ

ಗ್ರಂಥಸಂಪಾದನೆ ಮತ್ತು ಉಪಭಾಷಾ ಅಧ್ಯಯನ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯಗಳು. ಮೊದಲನೆಯದು ಪಠ್ಯವನ್ನು ಶುದ್ಧವಾಗಿ ಉಳಿಸುವ ಶಾಸ್ತ್ರ. ಎರಡನೆಯದು ಜನರ ಬಾಯಲ್ಲಿರುವ ಭಾಷೆಯನ್ನು ಇದ್ದಂತೆಯೇ ದಾಖಲಿಸುವ ಕಾರ್ಯ. ಈ ಎರಡೂ ಇಂದು ಗಣಕದಲ್ಲಿಯೇ ನಡೆಯುತ್ತಿವೆ. ಆದರೆ ಗಣಕದಲ್ಲಿ ಪಠ್ಯ ಹೇಗೆ ನಿಲ್ಲುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಭಾಷಾ ವಿದ್ಯಾರ್ಥಿಗಳು ತಂತ್ರಜ್ಞರಿಗೆ ಬಿಟ್ಟುಬಿಡುವುದುಂಟು. ಲಿನಕ್ಸ್ ಸರ್ವರ್‌ನಲ್ಲಿ ಜಾಲಾಧಾರಿತ ಕೋಡ್ ಎಡಿಟರ್ ಒಂದನ್ನು ಸ್ಥಾಪಿಸುವ ಕ್ರಮವನ್ನೂ, ಅದನ್ನು ಗಡಿಭಾಗದ ಕನ್ನಡ ಪದಗಳ ಸಂಗ್ರಹಕ್ಕೆ ಬಳಸುವ ವಿಧಾನವನ್ನೂ ಈ ಪಾಠ ವಿವರಿಸುತ್ತದೆ. ಇದಕ್ಕೆ ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿಲ್ಲ. ಅಕ್ಷರಗಳ ಬಗೆಗಿನ ಎಚ್ಚರ ಮಾತ್ರ ಬೇಕು.

ನಮ್ಮ ಪ್ರದೇಶದ ವಿಶೇಷ ಪರಿಸ್ಥಿತಿ

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಅಹಮದಪುರದೊಂದಿಗೆ ಅಂದಿನ ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆ ರಚನೆಯಾದಾಗ ಅದರ ಭಾಗವಾದವು. ಉಮರಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಆಡಳಿತದ ಗೆರೆಗಳು ಹೀಗೆ ಬದಲಾದರೂ ಹೊಲ, ಸಂತೆ, ನಂಟಸ್ತನಗಳು ಗಡಿಯ ಎರಡೂ ಬದಿಗೆ ಹಬ್ಬಿಕೊಂಡೇ ಇವೆ. ಮನೆಯಲ್ಲಿ ಕನ್ನಡವನ್ನಾಡುವ ಮಗು ಶಾಲೆಯಲ್ಲಿ ಮರಾಠಿಯನ್ನು ಬರೆಯುತ್ತದೆ. ಬೀಜ ಬಿತ್ತುವ ಸಾಧನಕ್ಕೆ ಒಬ್ಬರು ಕೂರಿಗಿ ಎಂದರೆ ಇನ್ನೊಬ್ಬರು ತಿಫಣ ಎನ್ನುತ್ತಾರೆ. ಕಣಕ್ಕೆ ಖಳೆ, ಹಗೇವಿಗೆ ಪೇವ್ ಎಂಬ ಮರಾಠಿ ಮಾತುಗಳು ಜೊತೆಜೊತೆಯಾಗಿ ನಡೆಯುತ್ತವೆ. ಹಗೇವಿನಲ್ಲಿ ಧಾನ್ಯ ತುಂಬುವ ಪದ್ಧತಿಯೇ ಮರೆಯಾದ ಮೇಲೆ ಆ ಪದವನ್ನು ಬಲ್ಲವರು ಹಿರಿಯರು ಮಾತ್ರ. ಅವರಿಂದ ಕೇಳಿ ಬರೆದಿಡದಿದ್ದರೆ ಮುಂದಿನ ತಲೆಮಾರಿಗೆ ಅದು ಸಿಕ್ಕುವುದಿಲ್ಲ.

ಇಂಥ ಸಂಗ್ರಹಕ್ಕೆ ಎರಡು ತೊಡಕುಗಳಿವೆ. ಒಂದು, ಕೆಲಸ ಮಾಡುವವರು ಎರಡು ಜಿಲ್ಲೆಗಳ ಮೂರು ಊರುಗಳಲ್ಲಿ ಹಂಚಿಹೋಗಿರುತ್ತಾರೆ. ಒಬ್ಬರ ಪೆನ್‌ಡ್ರೈವ್‌ನಲ್ಲಿರುವ ಕಡತ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ಹಳೆಯದಾಗಿರುತ್ತದೆ. ಎರಡು, ಒಂದೇ ಸಾಲಿನಲ್ಲಿ ಕನ್ನಡವೂ ಮರಾಠಿಯೂ ಬರಬೇಕಾಗುತ್ತದೆ. ಎರಡನೆಯ ತೊಡಕು ಮೇಲ್ನೋಟಕ್ಕೆ ಸಣ್ಣದು, ಆದರೆ ಮೂಲಭೂತವಾದುದು. ಅದನ್ನು ಮೊದಲು ನೋಡೋಣ.

ಎರಡು ಲಿಪಿ, ಒಂದು ಕಡತ

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳಿಗೂ ಇತರ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಮರಾಠಿಗೆ ಬಳಕೆಯಾಗುತ್ತಿದ್ದ ಶ್ರೀಲಿಪಿಯಂಥ ಫಾಂಟ್‌ಗಳೂ ಅದೇ ಸ್ಥಾನಗಳಲ್ಲಿ ದೇವನಾಗರಿಯ ಆಕಾರಗಳನ್ನು ಇರಿಸಿದ್ದವು. ಹೀಗಾಗಿ ಕಡತದಲ್ಲಿದ್ದ ಒಂದೇ ಸಂಖ್ಯೆ ಒಂದು ಫಾಂಟಿನಲ್ಲಿ ಕನ್ನಡವಾಗಿ, ಇನ್ನೊಂದರಲ್ಲಿ ಮರಾಠಿಯಾಗಿ ಕಾಣುತ್ತಿತ್ತು. ಫಾಂಟಿನ ಗುರುತು ಅಳಿದರೆ ಯಾವುದು ಯಾವ ಭಾಷೆಯೆಂದು ಹೇಳುವ ಆಧಾರವೇ ಉಳಿಯುತ್ತಿರಲಿಲ್ಲ. ಏಕಭಾಷಿಕ ಪ್ರದೇಶದಲ್ಲಿ ಇದೊಂದು ಅನನುಕೂಲವಷ್ಟೆ. ದ್ವಿಭಾಷಿಕವಾದ ಗಡಿಯಲ್ಲಿ ಪಠ್ಯವೇ ನಾಶವಾದಂತೆ.

ಯುನಿಕೋಡ್ ಈ ತೊಡಕನ್ನು ನಿವಾರಿಸಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ, ದೇವನಾಗರಿಗೆ 2304ರಿಂದ 2431ರವರೆಗೆ, ತಲಾ 128 ಸ್ಥಾನಗಳ ಪಟ್ಟಿಯಿದೆ. ಇವೆರಡೂ ಭಾರತೀಯ ಲಿಪಿಗಳಿಗೆಂದು ರೂಪಿಸಿದ್ದ ಇಸ್ಕಿ ಎಂಬ ಹಿಂದಿನ ಸಂಕೇತಪದ್ಧತಿಯ ವಿನ್ಯಾಸವನ್ನು ಅನುಸರಿಸಿವೆ. ಆದ್ದರಿಂದ ಕನ್ನಡದ ಕಕಾರ 3221ನೆಯ ಸ್ಥಾನದಲ್ಲಿದ್ದರೆ ದೇವನಾಗರಿಯ ಕಕಾರ 2325ರಲ್ಲಿದೆ. ಎರಡೂ ತಮ್ಮ ತಮ್ಮ ಪಟ್ಟಿಯ ಆರಂಭದಿಂದ 21 ಸ್ಥಾನ ಮುಂದಿವೆ. ನಡುವಿನ ಅಂತರ 896. ಲಿಪಿಗಳ ಸಂಬಂಧವೂ ಭೇದವೂ ಸಂಖ್ಯೆಯಲ್ಲಿಯೇ ದಾಖಲಾಗಿರುವುದರಿಂದ ಕನ್ನಡ, ಮರಾಠಿ ಎರಡೂ ಒಂದೇ ಸರಳ ಪಠ್ಯಕಡತದಲ್ಲಿ ಫಾಂಟಿನ ಹಂಗಿಲ್ಲದೆ ನಿಲ್ಲುತ್ತವೆ.

ಜಾಲಾಧಾರಿತ ಎಡಿಟರ್ ಎಂದರೇನು?

ಕೋಡ್ ಎಡಿಟರ್ ಎಂಬುದು ಸರಳ ಪಠ್ಯವನ್ನು ತಿದ್ದುವ ತಂತ್ರಾಂಶ. ವರ್ಡ್‌ನಂಥ ತಂತ್ರಾಂಶ ಅಕ್ಷರದ ಬಣ್ಣ, ಗಾತ್ರ, ಪುಟವಿನ್ಯಾಸಗಳನ್ನೂ ಕಡತದೊಳಗೆ ತುಂಬುತ್ತದೆ. ಕೋಡ್ ಎಡಿಟರ್ ಅಕ್ಷರಗಳನ್ನು ಮಾತ್ರ ಉಳಿಸುತ್ತದೆ. ಪ್ರೋಗ್ರಾಂ ಬರೆಯುವವರಿಗಾಗಿ ರೂಪುಗೊಂಡಿದ್ದರೂ, ನೂರಾರು ಕಡತಗಳಲ್ಲಿ ಒಮ್ಮೆಗೇ ಹುಡುಕುವ, ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವ ಅದರ ಸೌಲಭ್ಯಗಳು ಪಠ್ಯಸಂಪಾದಕರಿಗೂ ಬೇಕಾದವುಗಳೇ.

ಬ್ರೌಸರಿನಲ್ಲಿಯೇ ಕನ್ನಡ ಪಠ್ಯವನ್ನು ತಿದ್ದುವ ಕ್ರಮ ಹೊಸದಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿ ಪುಸ್ತಕದ ಪುಟದ ಚಿತ್ರವೂ ಅದರ ಪಠ್ಯವೂ ಅಕ್ಕಪಕ್ಕ ತೋರುತ್ತವೆ. ಒಬ್ಬರು ತಿದ್ದಿದ ಪುಟವನ್ನು ಮತ್ತೊಬ್ಬರು ಪರಿಶೀಲಿಸಿ ದೃಢಪಡಿಸುತ್ತಾರೆ. ವಚನ ಸಂಚಯವೆಂಬ ಜಾಲತಾಣ ವಚನಗಳ ಪಠ್ಯವನ್ನು ಯುನಿಕೋಡಿನಲ್ಲಿ ಒದಗಿಸಿ, ಒಂದು ಪದ ಯಾವ ಯಾವ ವಚನಕಾರರಲ್ಲಿ ಬಂದಿದೆಯೆಂದು ಹುಡುಕುವುದನ್ನು ಸಾಧ್ಯವಾಗಿಸಿತು. ಇವು ಪ್ರಕಟಿತ ಸಾಹಿತ್ಯಕ್ಕೆ ಸಂಬಂಧಿಸಿದ ಕಾರ್ಯಗಳು. ಇನ್ನೂ ಪ್ರಕಟವಾಗದ, ಸಂಗ್ರಹದ ಹಂತದಲ್ಲಿರುವ ಟಿಪ್ಪಣಿಗಳಿಗೆ ಸಣ್ಣ ತಂಡದ ಸ್ವಂತ ವ್ಯವಸ್ಥೆ ಬೇಕಾಗುತ್ತದೆ.

ಅಂಥ ವ್ಯವಸ್ಥೆಗೆ ಇಲ್ಲಿ ಆರಿಸಿಕೊಂಡಿರುವುದು ಕೋಡ್-ಸರ್ವರ್ ಎಂಬ ಮುಕ್ತ ತಂತ್ರಾಂಶ. ಮೈಕ್ರೋಸಾಫ್ಟ್ ಸಂಸ್ಥೆಯ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಎಡಿಟರಿನ ಮುಕ್ತ ಮೂಲಸಂಕೇತವನ್ನು ಆಧರಿಸಿ ಕೋಡರ್ ಎಂಬ ಸಂಸ್ಥೆ ಇದನ್ನು ರೂಪಿಸಿದೆ. ಎಡಿಟರ್ ಲಿನಕ್ಸ್ ಸರ್ವರ್‌ನಲ್ಲಿ ನಡೆಯುತ್ತದೆ. ಕಡತಗಳೂ ಅಲ್ಲಿಯೇ ಇರುತ್ತವೆ. ಬಳಸುವವರು ತಮ್ಮ ಬ್ರೌಸರಿನಲ್ಲಿ ಅದನ್ನು ಕಾಣುತ್ತಾರೆ. ಇದರಿಂದ ಒಂದು ಮುಖ್ಯ ಅನುಕೂಲವಿದೆ. ಕನ್ನಡ ಕೀಲಿಮಣೆ, ಕನ್ನಡ ಫಾಂಟ್ ಎರಡೂ ಬಳಸುವವರ ಗಣಕದಲ್ಲಿದ್ದರೆ ಸಾಕು. ಪರದೆಯೇ ಇಲ್ಲದ ಸರ್ವರ್‌ಗೆ ಅವು ಅನಗತ್ಯ. ಅದು ಯುನಿಕೋಡ್ ಸಂಖ್ಯೆಗಳನ್ನು ಪಡೆದು ಉಳಿಸುತ್ತದೆ, ಅಷ್ಟೆ.

ಸ್ಥಾಪನೆಯ ಹಂತಗಳು

ಮುಂದೆ ಹೇಳುವ ಆದೇಶಗಳನ್ನು ಗಣಕದಲ್ಲಿ ರೋಮನ್ ಅಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು. ಇಲ್ಲಿ ಅವುಗಳ ಹೆಸರು, ಉದ್ದೇಶ, ಅನುಕ್ರಮಗಳನ್ನು ಕೊಟ್ಟಿದೆ. ನಿಖರವಾದ ಅಕ್ಷರರೂಪವನ್ನು ಕೋಡ್-ಸರ್ವರ್ ಯೋಜನೆಯ ಕೈಪಿಡಿಯಿಂದ ತೆಗೆದುಕೊಳ್ಳಬೇಕು.

1. ಯಂತ್ರ: ಉಬುಂಟು ಅಥವಾ ಡೆಬಿಯನ್ ಇರುವ ಒಂದು ಸರ್ವರ್ ಬೇಕು. ಒಂದೇ ಪ್ರಯೋಗಾಲಯದೊಳಗಿನ ಕೆಲಸಕ್ಕೆ ಅಲ್ಲಿನ ಹಳೆಯ ಗಣಕವೇ ಆದೀತು. ಮೂರು ಊರುಗಳಿಂದ ತಲುಪಬೇಕಾದರೆ ಅಂತರ್ಜಾಲದಲ್ಲಿ ಸ್ಥಿರ ವಿಳಾಸವಿರುವ ಬಾಡಿಗೆಯ ವರ್ಚುವಲ್ ಸರ್ವರ್ ಅನುಕೂಲ. ಕೈಪಿಡಿಯ ಪ್ರಕಾರ ಕನಿಷ್ಠ 1 ಜಿಬಿ ರ್‍ಯಾಮ್, 2 ಸಿಪಿಯು ಬೇಕು. ಮೂವರು ಒಟ್ಟಿಗೆ ಬಳಸುವಾಗ ಅದಕ್ಕೆ ತಕ್ಕಂತೆ ಹೆಚ್ಚಿನ ರ್‍ಯಾಮ್ ಇರಬೇಕು.

2. ಸಿದ್ಧತೆ: ನಿರ್ವಾಹಕರು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಮಾರ್ಗದಿಂದ ಸರ್ವರ್ ಪ್ರವೇಶಿಸಿ, ಆಪ್ಟ್ ಆದೇಶದಿಂದ ತಂತ್ರಾಂಶಗಳನ್ನು ನವೀಕರಿಸಬೇಕು. ಆಮೇಲೆ ಯುಎಫ್‌ಡಬ್ಲ್ಯು ಎಂಬ ರಕ್ಷಣಾಗೋಡೆಯಲ್ಲಿ ಎಸ್‌ಎಸ್‌ಎಚ್‌ಗೆ ಅನುಮತಿ ಕೊಟ್ಟು, ಅನಂತರವೇ ಗೋಡೆಯನ್ನು ಚಾಲೂ ಮಾಡಬೇಕು. ಈ ಕ್ರಮ ತಪ್ಪಿದರೆ ನಿರ್ವಾಹಕರೇ ಹೊರಗುಳಿಯುವ ಸಂಭವವಿದೆ.

3. ತಂತ್ರಾಂಶ: ಯೋಜನೆಯ ತಾಣದಿಂದ ಸ್ಥಾಪನಾ ಲಿಪಿಕೆಯನ್ನು ಕರ್ಲ್ ಆದೇಶದ ಮೂಲಕ ಇಳಿಸಿಕೊಳ್ಳಬೇಕು. ಇದನ್ನು ಮೊದಲು ಡ್ರೈ-ರನ್ ಎಂಬ ಆಯ್ಕೆಯೊಡನೆ ನಡೆಸಿದರೆ, ಅದು ಏನೇನು ಮಾಡಲಿದೆಯೆಂಬುದನ್ನು ತೋರಿಸುತ್ತದೆ, ಆದರೆ ಏನನ್ನೂ ಮಾಡುವುದಿಲ್ಲ. ಓದಿ ನೋಡಿದ ಬಳಿಕ ನಿಜವಾದ ಸ್ಥಾಪನೆಯನ್ನು ನಡೆಸಬೇಕು.

4. ಬಳಕೆದಾರರು: ಕೋಡ್-ಸರ್ವರ್‌ನ ಒಂದು ಪ್ರತಿ ಒಬ್ಬ ಬಳಕೆದಾರನಿಗಾಗಿ ರಚಿತವಾದುದು. ಒಂದೇ ಗುಪ್ತಪದದಿಂದ ಮೂರು ಊರಿನವರು ಒಳಬಂದು ಒಂದೇ ಕಡತವನ್ನು ತಿದ್ದಿದರೆ ಒಬ್ಬರ ಬರಹ ಇನ್ನೊಬ್ಬರದನ್ನು ಅಳಿಸಬಹುದು. ಆದ್ದರಿಂದ ಉಮರಗಾ, ನಿಲಂಗಾ, ಉದಗೀರ ಎಂದು ಮೂರು ಲಿನಕ್ಸ್ ಬಳಕೆದಾರರನ್ನು ಸೃಷ್ಟಿಸಬೇಕು. ಇವರಾರಿಗೂ ನಿರ್ವಾಹಕನ ಅಧಿಕಾರ ಬೇಡ.

5. ಚಾಲನೆ: ಸಿಸ್ಟಮ್‌ಸಿಟಿಎಲ್ ಆದೇಶದಿಂದ ಪ್ರತಿಯೊಬ್ಬ ಬಳಕೆದಾರನ ಹೆಸರಿನಲ್ಲಿ ಸೇವೆಯನ್ನು ಆರಂಭಿಸಬೇಕು. ಆಗ ಆ ಬಳಕೆದಾರನ ಮನೆಕೋಶದೊಳಗೆ ಕಾನ್ಫಿಗ್ ಎಂಬ ಕಡತ ಹುಟ್ಟುತ್ತದೆ. ವಿಳಾಸ, ದ್ವಾರಸಂಖ್ಯೆ, ಗುಪ್ತಪದಗಳು ಅದರಲ್ಲಿರುತ್ತವೆ. ಎಲ್ಲರಿಗೂ 8080 ಎಂಬ ದ್ವಾರವೇ ಮೊದಲಿಗೆ ನಮೂದಾಗುವುದರಿಂದ ಎರಡನೆಯ ಸೇವೆ ಏಳುವುದಿಲ್ಲ. ಉಮರಗಾಕ್ಕೆ 8080, ನಿಲಂಗಾಕ್ಕೆ 8081, ಉದಗೀರಕ್ಕೆ 8082 ಎಂದು ತಿದ್ದಿ ಸೇವೆಗಳನ್ನು ಮತ್ತೆ ಆರಂಭಿಸಬೇಕು.

ಭದ್ರತೆ

ಈ ಎಡಿಟರಿನೊಳಗೆ ಟರ್ಮಿನಲ್ ಕೂಡ ಇದೆ. ಒಳಬಂದವರು ಕಡತವನ್ನಷ್ಟೇ ಅಲ್ಲ, ಆ ಬಳಕೆದಾರನಿಗೆ ಅನುಮತಿಯಿರುವ ಎಲ್ಲ ಆದೇಶಗಳನ್ನೂ ನಡೆಸಬಲ್ಲರು. ಆದುದರಿಂದ ಕೋಡ್-ಸರ್ವರ್ ಸ್ವಭಾವತಃ 127.0.0.1 ಎಂಬ ಒಳವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅಂದರೆ ಹೊರಗಿನವರಿಗೆ ನೇರವಾಗಿ ಕಾಣುವುದಿಲ್ಲ. ಅನುಕೂಲಕ್ಕೆಂದು ಇದನ್ನು ಬದಲಿಸಿ 8080 ದ್ವಾರವನ್ನು ಜಗತ್ತಿಗೆಲ್ಲ ತೆರೆದಿಡಬಾರದು.

ಸುರಕ್ಷಿತವಾದ ಮಾರ್ಗ ಎಸ್‌ಎಸ್‌ಎಚ್ ಸುರಂಗ. ನಿಲಂಗಾದ ವಿದ್ಯಾರ್ಥಿ ತನ್ನ ಗಣಕದ 8081 ದ್ವಾರವನ್ನು ಸರ್ವರ್‌ನ ಒಳಗಿನ 8081ಕ್ಕೆ ಎಸ್‌ಎಸ್‌ಎಚ್ ಮೂಲಕ ಜೋಡಿಸಿಕೊಂಡು, ಬ್ರೌಸರಿನಲ್ಲಿ ತನ್ನದೇ ಗಣಕದ ವಿಳಾಸವಾದ ಲೋಕಲ್‌ಹೋಸ್ಟ್ ಅನ್ನು ತೆರೆಯುತ್ತಾನೆ. ನಡುವಿನ ಸಂವಹನವೆಲ್ಲ ಗೂಢೀಕೃತವಾಗಿರುತ್ತದೆ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಇದಕ್ಕೆ ಬೇಕಾದ ಎಸ್‌ಎಸ್‌ಎಚ್ ತಂತ್ರಾಂಶ ಲಭ್ಯವಿದೆ. ಸ್ವಂತ ಡೊಮೇನ್ ಹೆಸರಿದ್ದಲ್ಲಿ ಕ್ಯಾಡಿ ಎಂಬ ಜಾಲಸರ್ವರ್ ಅನ್ನು ಮುಂದಿರಿಸಿ ಎಚ್‌ಟಿಟಿಪಿಎಸ್ ವ್ಯವಸ್ಥೆ ಮಾಡಬಹುದು. ಅದು ಪ್ರಮಾಣಪತ್ರವನ್ನು ತಾನಾಗಿಯೇ ಪಡೆದುಕೊಳ್ಳುತ್ತದೆ. ಎರಡರಲ್ಲಿ ಒಂದು ಇರಲೇಬೇಕು. ಗೂಢೀಕರಣವಿಲ್ಲದ ಹೊರವಿಳಾಸದಲ್ಲಿ ನಕಲು ಮಾಡಿ ಅಂಟಿಸುವಂಥ ಕೆಲಸಗಳನ್ನೂ ಬ್ರೌಸರ್ ತಡೆಯುತ್ತದೆ.

ಕಡತದ ರಚನೆ

ಒಂದು ಹಳ್ಳಿಗೆ ಒಂದು ಕಡತ, ಒಂದು ಪದಕ್ಕೆ ಒಂದು ಸಾಲು ಎಂಬ ನಿಯಮವಿರಲಿ. ಸಾಲಿನಲ್ಲಿ ಆರು ಅಂಶಗಳು: ಕೇಳಿದ ರೂಪ, ಗ್ರಾಂಥಿಕ ರೂಪ, ಅರ್ಥ, ಸಮಾನ ಮರಾಠಿ ಪದ, ಹೇಳಿದವರ ವಯಸ್ಸು, ದಿನಾಂಕ. ಅಂಶಗಳ ನಡುವೆ ಟ್ಯಾಬ್ ಇರಬೇಕು. ಮರಾಠಿ ಪದವನ್ನು ದೇವನಾಗರಿಯಲ್ಲಿಯೇ ಬರೆಯಬೇಕು. ಕನ್ನಡಕ್ಕೆ ಲಿಪ್ಯಂತರಿಸಿದರೆ ಎರಡು ಬಗೆಯ ಚಕಾರ, ಜಕಾರಗಳಂಥ ಮರಾಠಿಯ ಉಚ್ಚಾರಣಾವಿಶೇಷಗಳ ಚರ್ಚೆಗೆ ಮೂಲರೂಪವೇ ದೊರೆಯದು. ಹೇಳಿದವರ ಹೆಸರನ್ನು ಬರೆಯುವ ಅಗತ್ಯವಿಲ್ಲ; ಅವರ ಒಪ್ಪಿಗೆಯಿಲ್ಲದೆ ಏನನ್ನೂ ದಾಖಲಿಸಬಾರದು.

ಕೇಳಿದ ರೂಪ ಎಂಬುದು ಈ ಸಂಗ್ರಹದ ಜೀವಾಳ. ಉತ್ತರದ ಆಡುಗನ್ನಡದಲ್ಲಿ ಮನೆ, ತಲೆ, ಎಲೆ ಎಂಬ ಎಕಾರಾಂತ ಪದಗಳು ಮನಿ, ತಲಿ, ಎಲಿ ಎಂದು ಇಕಾರಾಂತವಾಗುತ್ತವೆ. ಪಠ್ಯಪುಸ್ತಕದ ಅಭ್ಯಾಸಬಲದಿಂದ ವಿದ್ಯಾರ್ಥಿ ಮನಿ ಎಂಬುದನ್ನು ಮನೆ ಎಂದು ತಿದ್ದಿಬಿಟ್ಟರೆ ದಾಖಲಿಸಬೇಕಾದ ಸಂಗತಿಯೇ ಕಳೆದುಹೋಗುತ್ತದೆ. ಗ್ರಾಂಥಿಕ ರೂಪಕ್ಕೆ ಬೇರೆ ಅಂಕಣವನ್ನು ಇಟ್ಟಿರುವುದು ಈ ಕಾರಣಕ್ಕೆ.

ಕೋಡ್ ಎಡಿಟರುಗಳು ಸಮಾನ ಅಗಲದ ಅಕ್ಷರಗಳಿಗೆಂದು ರೂಪಿತವಾಗಿರುವುದರಿಂದ ಕನ್ನಡದ ಅಂಕಣಗಳು ಪರದೆಯ ಮೇಲೆ ನೇರವಾಗಿ ಕೂಡುವುದಿಲ್ಲ. ಅದನ್ನು ಸರಿಪಡಿಸಲು ನಡುವೆ ಖಾಲಿ ಜಾಗಗಳನ್ನು ತುಂಬಬಾರದು. ಟ್ಯಾಬ್ ಒಂದೇ ಇದ್ದರೆ ಮುಂದೆ ಕೋಷ್ಟಕಕ್ಕೆ ವರ್ಗಾಯಿಸುವುದು ಸುಲಭ.

ಕಣ್ಣಿಗೆ ಕಾಣದ ದೋಷಗಳು

ಹಸ್ತಪ್ರತಿಗಳಲ್ಲಿ ಲಿಪಿಕಾರರ ಸ್ಖಾಲಿತ್ಯಗಳಿರುವಂತೆ ಗಣಕಪಠ್ಯದಲ್ಲಿಯೂ ದೋಷಗಳು ನುಸುಳುತ್ತವೆ. ವ್ಯತ್ಯಾಸವೆಂದರೆ, ಇವುಗಳಲ್ಲಿ ಹಲವು ಕಣ್ಣಿಗೆ ಕಾಣುವುದಿಲ್ಲ. ಮೂರನ್ನು ಮುಖ್ಯವಾಗಿ ಗಮನಿಸಬೇಕು.

ಮೊದಲನೆಯದು ಅನುಸ್ವಾರ ಮತ್ತು ಸೊನ್ನೆಗಳ ಗೊಂದಲ. ಅನುಸ್ವಾರದ ಸಂಖ್ಯೆ 3202. ಕನ್ನಡ ಅಂಕಿ ಸೊನ್ನೆಯ ಸಂಖ್ಯೆ 3302. ಆಕಾರದಲ್ಲಿ ಎರಡೂ ವೃತ್ತಗಳೇ. ಕುಂಟಿ ಎಂಬ ಪದದಲ್ಲಿ ಅನುಸ್ವಾರದ ಬದಲು ಸೊನ್ನೆ ಬಿದ್ದರೆ ಓದುಗನಿಗೆ ತೊಂದರೆಯಾಗದು, ಆದರೆ ಹುಡುಕುವಾಗ ಆ ಪದ ಸಿಕ್ಕುವುದಿಲ್ಲ.

ಎರಡನೆಯದು ಒಂದೇ ಸ್ವರಚಿಹ್ನೆಯ ಎರಡು ಬರವಣಿಗೆ. ಕೊ ಎಂಬಲ್ಲಿನ ಒತ್ವವನ್ನು 3274 ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. ಎತ್ವದ 3270 ಮತ್ತು ಊತ್ವದ 3266 ಇವೆರಡನ್ನು ಸೇರಿಸಿಯೂ ಬರೆಯಬಹುದು. ಯುನಿಕೋಡ್ ಇವೆರಡನ್ನೂ ಸಮಾನವೆಂದು ಸಾರಿದೆ; ಆದರೆ ಎಡಿಟರಿನ ಸಾಮಾನ್ಯ ಹುಡುಕಾಟ ಸಂಖ್ಯೆಯಿಂದ ಸಂಖ್ಯೆಗೆ ಹೋಲಿಸುವುದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕದು. ಸಂಗ್ರಹವೆಲ್ಲವನ್ನೂ ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣವನ್ನು ಕಾಲಕಾಲಕ್ಕೆ ಮಾಡಬೇಕು.

ಮೂರನೆಯದು ಅಗಲವಿಲ್ಲದ ಅಕ್ಷರಗಳು. ಸರ್ವರ್‌ನಲ್ಲಿ ಎಂದು ಬರೆಯುವಾಗ ರಕಾರ ನಕಾರಗಳು ಕೂಡಿ ಒತ್ತಕ್ಷರವಾಗದಂತೆ 8204 ಎಂಬ ಸಂಖ್ಯೆಯ ಅದೃಶ್ಯ ಅಕ್ಷರ ನಡುವೆ ನಿಲ್ಲುತ್ತದೆ. ಅರ್ಕಾವೊತ್ತಿನ ಬದಲು ರಕಾರವನ್ನೇ ಪೂರ್ಣವಾಗಿ ತೋರಿಸಬೇಕಾದಲ್ಲಿ 8205 ಸಂಖ್ಯೆಯದು ಬರುತ್ತದೆ. ಇವು ಅಗತ್ಯವಿರುವೆಡೆ ಇರಬೇಕು. ಪದದ ಕೊನೆಯಲ್ಲಿ ಸುಮ್ಮನೆ ಅಂಟಿಕೊಂಡಿರಬಾರದು. ಅದೃಶ್ಯ ಅಕ್ಷರಗಳನ್ನು ಎತ್ತಿ ತೋರಿಸುವ ಆಯ್ಕೆಯೂ, ಸಂಕೇತಸಂಖ್ಯೆಯಿಂದಲೇ ಹುಡುಕುವ ಸೌಲಭ್ಯವೂ ಈ ಎಡಿಟರಿನಲ್ಲಿವೆ. ಸಾಮಾನ್ಯ ಬರವಣಿಗೆಯ ತಂತ್ರಾಂಶವನ್ನು ಬಿಟ್ಟು ಕೋಡ್ ಎಡಿಟರನ್ನು ಆರಿಸಿದುದರ ಮುಖ್ಯ ಪ್ರಯೋಜನ ಇದೇ.

ಪಾಠಾಂತರ ಮತ್ತು ಗಿಟ್

ಮೂರು ಊರುಗಳ ಕೆಲಸವನ್ನು ಒಂದುಗೂಡಿಸಲು ಗಿಟ್ ಎಂಬ ತಂತ್ರಾಂಶ ಬೇಕು. ಲಿನಕ್ಸ್‌ನ ಕರ್ತೃ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ರಚಿಸಿದರು. ಯಾರು, ಯಾವಾಗ, ಯಾವ ಸಾಲನ್ನು ಏನೆಂದು ಬದಲಿಸಿದರು ಎಂಬ ಪೂರ್ಣ ಇತಿಹಾಸವನ್ನು ಇದು ಕಾಪಾಡುತ್ತದೆ. ಸರ್ವರ್‌ನಲ್ಲಿ ಒಂದು ಸಾಮಾನ್ಯ ಭಂಡಾರವನ್ನು ನಿರ್ಮಿಸಿ, ಮೂವರು ಬಳಕೆದಾರರನ್ನೂ ಒಂದು ಗುಂಪಿಗೆ ಸೇರಿಸಿ ಬರೆಯುವ ಅನುಮತಿ ಕೊಡಬೇಕು. ಭಂಡಾರ ಬೇರೊಬ್ಬರ ಒಡೆತನದಲ್ಲಿದ್ದರೆ ಗಿಟ್ ಸಂಶಯಪಡುತ್ತದೆ; ಪ್ರತಿಯೊಬ್ಬರೂ ಅದನ್ನು ಸುರಕ್ಷಿತ ಕೋಶವೆಂದು ಒಮ್ಮೆ ಘೋಷಿಸಿಕೊಳ್ಳಬೇಕು. ಅನಂತರ ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲಿ ಬರೆದು, ದಿನದ ಕೊನೆಗೆ ಭಂಡಾರಕ್ಕೆ ಸೇರಿಸುತ್ತಾರೆ.

ಇಬ್ಬರು ಒಂದೇ ಸಾಲನ್ನು ಎರಡು ಬಗೆಯಾಗಿ ತಿದ್ದಿದ್ದರೆ ಗಿಟ್ ತಾನಾಗಿ ತೀರ್ಮಾನಿಸುವುದಿಲ್ಲ. ಎರಡೂ ರೂಪಗಳನ್ನು ಒಂದರ ಕೆಳಗೊಂದು ಇಟ್ಟು ಸಂಪಾದಕನ ನಿರ್ಣಯಕ್ಕೆ ಬಿಡುತ್ತದೆ. ಎರಡು ಹಸ್ತಪ್ರತಿಗಳ ಪಾಠಾಂತರಗಳನ್ನು ಎದುರಿಟ್ಟುಕೊಂಡ ಸಂಪಾದಕನ ಸ್ಥಿತಿಗೂ ಇದಕ್ಕೂ ಹೋಲಿಕೆಯಿದೆ. ಆದರೆ ಒಂದು ಭೇದವನ್ನು ಮರೆಯಬಾರದು. ಗ್ರಂಥಸಂಪಾದನೆಯಲ್ಲಿ ಕವಿ ಬರೆದ ಒಂದು ಮೂಲಪಾಠವಿತ್ತೆಂದು ಭಾವಿಸಿ ಅದರತ್ತ ಸಾಗುತ್ತೇವೆ. ಆಡುಮಾತಿಗೆ ಅಂಥ ಏಕೈಕ ಮೂಲವಿಲ್ಲ. ಉಮರಗಾದ ಕಡೆ ಕೇಳಿದ ರೂಪವೂ ಉದಗೀರದ ಕಡೆ ಕೇಳಿದ ರೂಪವೂ ಬೇರೆಯಾಗಿದ್ದರೆ ಎರಡೂ ಸರಿಯಾದವುಗಳೇ. ಆ ಭೇದವನ್ನೇ ನಾವು ಹುಡುಕುತ್ತಿರುವುದು. ಆದ್ದರಿಂದ ಬೆರಳಚ್ಚಿನ ತಪ್ಪನ್ನು ಮಾತ್ರ ತಿದ್ದಬೇಕು. ರೂಪಭೇದವನ್ನು ಎರಡು ಪ್ರತ್ಯೇಕ ಸಾಲುಗಳಾಗಿ ಉಳಿಸಬೇಕು. ಹಳ್ಳಿಗೊಂದು ಕಡತವೆಂಬ ನಿಯಮವನ್ನು ಪಾಲಿಸಿದರೆ ಇಂಥ ಘರ್ಷಣೆಗಳೂ ವಿರಳವಾಗುತ್ತವೆ.

ಭಂಡಾರವೂ ಮೂರು ಪ್ರತಿಗಳೂ ಒಂದೇ ಯಂತ್ರದಲ್ಲಿವೆ ಎಂಬುದನ್ನು ನೆನಪಿಡಬೇಕು. ಬಾಡಿಗೆ ನಿಂತರೆ ಅಥವಾ ಯಂತ್ರ ಕೆಟ್ಟರೆ ಎಲ್ಲವೂ ಒಮ್ಮೆಗೇ ಹೋಗುತ್ತವೆ. ವಾರಕ್ಕೊಮ್ಮೆಯಾದರೂ ಕಾಲೇಜಿನ ಗಣಕಕ್ಕೆ ಭಂಡಾರದ ಪೂರ್ಣ ನಕಲನ್ನು ಇಳಿಸಿಕೊಳ್ಳಬೇಕು. ಗಿಟ್ ಭಂಡಾರದ ಪೂರ್ಣ ನಕಲಿನಲ್ಲಿ ಇತಿಹಾಸವೂ ಅಡಕವಾಗಿರುವುದರಿಂದ ಅದೊಂದಿದ್ದರೆ ಸಂಗ್ರಹವನ್ನು ಬೇರೆ ಯಾವುದೇ ಸರ್ವರ್‌ನಲ್ಲಿ ಮತ್ತೆ ನೆಲೆಗೊಳಿಸಬಹುದು. ಮುಂದೆ ಕೋಡ್-ಸರ್ವರ್ ಬಳಕೆಯಿಂದ ಮರೆಯಾದರೂ ಚಿಂತೆಯಿಲ್ಲ. ಯುನಿಕೋಡಿನಲ್ಲಿರುವ ಸರಳ ಪಠ್ಯವನ್ನು ಯಾವ ಎಡಿಟರಿನಲ್ಲಾದರೂ ತೆರೆಯಬಹುದು.

ಉಪಸಂಹಾರ

ಸರ್ವರ್ ಸ್ಥಾಪನೆಗೆ ಒಂದು ದಿನ ಸಾಕು. ಪದಸಂಗ್ರಹಕ್ಕೆ ವರ್ಷಗಳು ಬೇಕು. ಆದರೆ ಆ ವರ್ಷಗಳ ಶ್ರಮ ಉಳಿಯುವುದೋ ಅಳಿಯುವುದೋ ಎಂಬುದು ಮೊದಲ ದಿನ ನಾವು ಆರಿಸಿಕೊಳ್ಳುವ ಕಡತದ ಸ್ವರೂಪವನ್ನು ಅವಲಂಬಿಸಿದೆ. ಹಳೆಯ ಫಾಂಟ್‌ಗಳಲ್ಲಿ ಬರೆದಿಟ್ಟ ಟಿಪ್ಪಣಿಗಳು ತಮ್ಮಲ್ಲಿದ್ದರೆ ವಿದ್ಯಾರ್ಥಿಗಳು ಅವನ್ನು ಪರಿವರ್ತಕಗಳ ನೆರವಿನಿಂದ ಯುನಿಕೋಡಿಗೆ ತಂದು, ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡಬೇಕು. ಹೊಸ ಸಂಗ್ರಹವನ್ನು ಮನೆಯ ಹಿರಿಯರಿಂದಲೇ ಆರಂಭಿಸಬಹುದು.

ಅಭ್ಯಾಸ

1. ಕನ್ನಡ ಎಂಬ ಪದದಲ್ಲಿ ಕಣ್ಣಿಗೆ ಮೂರು ಅಕ್ಷರಗಳು ಕಾಣುತ್ತವೆ. ಯುನಿಕೋಡಿನಲ್ಲಿ ಅದು ಐದು ಸಂಖ್ಯೆಗಳು. ಯುಟಿಎಫ್-8 ಕ್ರಮದಲ್ಲಿ ಉಳಿಸಿದಾಗ ಹದಿನೈದು ಬೈಟ್‌ಗಳು. ಈ ಮೂರು ಎಣಿಕೆಗಳ ಕಾರಣವನ್ನು ವಿವರಿಸಿರಿ. ಸೂಚನೆ: ಹಲಂತದ ಚಿಹ್ನೆಗೂ ಪ್ರತ್ಯೇಕ ಸಂಖ್ಯೆಯಿದೆ, ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟ್ ಬೇಕು.

2. ಒಕ್ಕಲುತನಕ್ಕೆ ಸಂಬಂಧಿಸಿದ ಹತ್ತು ಪದಗಳನ್ನು ನಿಮ್ಮ ಊರಿನ ಹಿರಿಯರಿಂದ ಕೇಳಿ, ಮೇಲೆ ಹೇಳಿದ ಆರು ಅಂಶಗಳ ಸಾಲುಗಳಾಗಿ ಬರೆಯಿರಿ.

3. ನೀವು ಬರೆದ ಕಡತದಲ್ಲಿ 3302ನೆಯ ಸಂಖ್ಯೆಯನ್ನು ಹುಡುಕಿರಿ. ಸಿಕ್ಕಿದ ಪ್ರತಿಯೊಂದೂ ಅಂಕಿಯೋ, ಅನುಸ್ವಾರದ ಸ್ಥಾನದಲ್ಲಿ ಬಿದ್ದ ಸೊನ್ನೆಯೋ ಎಂಬುದನ್ನು ಪರಿಶೀಲಿಸಿರಿ.

4. ಗ್ರಂಥಸಂಪಾದನೆಯ ಪಾಠಾಂತರಕ್ಕೂ ಉಪಭಾಷೆಯ ರೂಪಭೇದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಸಂಗ್ರಹದ ಉದಾಹರಣೆಗಳಿಂದ ಸ್ಪಷ್ಟಪಡಿಸಿರಿ.